ಮಳೆಯ ಹಳೆಯ ಲೆಕ್ಕ

ಕರ್ಕಾಟಕ ಮಾಸ ಬಂದಿತೆಂದರೆ ಮಟ್ಟಾಂಚೇರಿಯ ನಮ್ಮವರ ಮನೆಗಳಲ್ಲಿ ಮಾತೆಲ್ಲ ಮಳೆಯದೇ. ದಕ್ಷಿಣ ಕನ್ನಡದವರು ಅದನ್ನು ಆಟಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಸುರಿಯುವ ಮಳೆ ಒಂದೇ. "ಇಂಥ ಮಳೆ ಹಿಂದೆಂದೂ ಬಿದ್ದಿರಲಿಲ್ಲ" ಎಂದು ಕಿರಿಯರೂ, "ನಮ್ಮ ಅಜ್ಜಂದಿರ ಕಾಲದಲ್ಲಿ ಇದಕ್ಕಿಂತ ಹೆಚ್ಚು ಸುರಿದಿತ್ತು" ಎಂದು ಹಿರಿಯರೂ ವಾದ ಹೂಡುವುದು ವಾಡಿಕೆ. ಈ ಸಲ ಆ ವ್ಯಾಜ್ಯವನ್ನೇ ವಾಚಕರ ಮುಂದಿಡುತ್ತೇವೆ.

ಹಿರಿಯರ ಮಾತಿಗೆ ಆಧಾರವಿಲ್ಲದಿಲ್ಲ. 1924ರ ಜುಲೈ ತಿಂಗಳ ನೆರೆಯನ್ನು ಇಲ್ಲಿನವರು ಇಂದಿಗೂ 'ತೊಂಬತ್ತೊಂಬತ್ತರ ವೆಳ್ಳಪ್ಪೊಕ್ಕ' ಎಂದೇ ನೆನೆಯುತ್ತಾರೆ; ಅದು ಕೊಲ್ಲಂ ವರ್ಷ 1099. ಅದೇ ತಿಂಗಳಲ್ಲಿ ಕಾವೇರಿಯೂ ದಡ ಮೀರಿ ಹರಿದಳು. ಕೇಂದ್ರ ಜಲ ಆಯೋಗದ ಲೆಕ್ಕದಂತೆ ಆ ಜುಲೈ 16ರಿಂದ 18ರವರೆಗಿನ ಮೂರು ದಿನಗಳಲ್ಲಿ ಕೇರಳದಲ್ಲಿ ಬಿದ್ದ ಸರಾಸರಿ ಮಳೆ 443 ಮಿಲಿಮೀಟರ್. 2018ರ ಆಗಸ್ಟ್ 15ರಿಂದ 17ರವರೆಗೆ ಬಿದ್ದದ್ದು 414. ಈ ಎರಡನೆಯದನ್ನು ನಾವೆಲ್ಲ ಬಲ್ಲೆವು. ನೆಡುಂಬಾಶೇರಿಯ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತು; ಕೇರಳದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಅದೇ ದಿನಗಳಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡ ಜರಿದು ಮನೆ ತೋಟಗಳು ಕೊಚ್ಚಿಹೋದವು. ಊರಿನವರು ನಮಗಾಗಿ, ನಾವು ಊರಿನವರಿಗಾಗಿ ಕಾತರಿಸಿದ ದಿನಗಳು ಅವು.

ಹಾಗಾದರೆ ಈ ಎರಡು ಮಳೆಗಳೂ ಒಂದೇ ಬಗೆಯವೇ? ಬಿದ್ದ ನೀರಿನ ಅಳತೆಯೊಂದೇ ಇದಕ್ಕೆ ಉತ್ತರ ಹೇಳಲಾರದು. ಗಾಳಿ ಯಾವ ಕಡೆಯಿಂದ ಬೀಸಿತು, ಅದರಲ್ಲಿ ಎಷ್ಟು ನೀರಾವಿ ಇತ್ತು, ವಾಯುಭಾರ ಎಲ್ಲಿ ಕುಸಿದಿತ್ತು, ಇವೆಲ್ಲ ತಿಳಿಯಬೇಕು. ಇದಕ್ಕಾಗಿ ವಿಜ್ಞಾನಿಗಳು ಒಂದು ಉಪಾಯ ಹೂಡಿದ್ದಾರೆ. ಅದಕ್ಕೆ ವಾಯುಮಂಡಲದ ಮರುವಿಶ್ಲೇಷಣೆ ಎಂದು ಹೆಸರು.

ಹೆಸರು ಕೇಳಿ ಹೆದರಬೇಕಾಗಿಲ್ಲ. ಬಜಾರ್ ರಸ್ತೆಯ ಹಳೆಯ ಮೆಣಸಿನ ಮಂಡಿಯೊಂದರ ಲೆಕ್ಕದ ಪುಸ್ತಕಕ್ಕೆ ಗೆದ್ದಲು ಹಿಡಿದಿದೆ ಎನ್ನಿ. ಅನುಭವವುಳ್ಳ ಗುಮಾಸ್ತ ಏನು ಮಾಡುತ್ತಾನೆ? ಉಳಿದ ಹಾಳೆಗಳನ್ನೂ ರಸೀತಿಗಳನ್ನೂ ಕೂಡಿಸುತ್ತಾನೆ. ಬಂದ ಮಾಲು, ಹೋದ ಮಾಲು, ಉಳಿದ ಮಾಲು ತಾಳೆಯಾಗಲೇಬೇಕೆಂಬ ನಿಯಮ ಹಿಡಿದು ನಡುವಿನ ಅಂಕಿಗಳನ್ನು ಕಟ್ಟುತ್ತಾನೆ. ಮರುವಿಶ್ಲೇಷಣೆಯೂ ಹೀಗೆಯೇ. ತಿರುವನಂತಪುರ, ಕೊಚ್ಚಿಗಳಿಂದ ಹಾರಿಬಿಡುವ ಬಲೂನುಗಳು, ಹಡಗು, ವಿಮಾನ, ಉಪಗ್ರಹಗಳು ಕೊಟ್ಟ ಅಳತೆಗಳೇ ಇಲ್ಲಿ ರಸೀತಿ; ಗಾಳಿ, ಶಾಖ, ತೇವಗಳ ಭೌತನಿಯಮಗಳೇ ತಾಳೆಯ ನಿಯಮ. ಗುಮಾಸ್ತನ ಕೆಲಸ ಗಣಕಯಂತ್ರದ್ದು.

ಯುರೋಪಿನ ಮಧ್ಯಮಾವಧಿ ಹವಾ ಮುನ್ಸೂಚನಾ ಕೇಂದ್ರ ಸಿದ್ಧಪಡಿಸಿರುವ 'ಇಆರ್‌ಎ5' 1940ರಿಂದ ಈಚಿನ ಪ್ರತಿಯೊಂದು ಗಂಟೆಯ ಲೆಕ್ಕವನ್ನೂ, ಭೂಮಿಯನ್ನೆಲ್ಲ ಸುಮಾರು 31 ಕಿಲೋಮೀಟರಿನ ಚೌಕಗಳಾಗಿ ಹಂಚಿ ಕೊಡುತ್ತದೆ. ನಮ್ಮ ದೇಶದ್ದೂ ಒಂದುಂಟು. ನೋಯ್ಡಾದ ಕೇಂದ್ರವು ಭಾರತೀಯ ಹವಾಮಾನ ಇಲಾಖೆ ಹಾಗೂ ಬ್ರಿಟನ್ನಿನ ಹವಾ ಕಚೇರಿಯೊಡನೆ ಸೇರಿ 1979ರಿಂದ ಈಚಿನದನ್ನು 12 ಕಿಲೋಮೀಟರಿನ ಚೌಕಗಳಲ್ಲಿ ಕಟ್ಟಿದೆ.

ಇಂಥ ಪಟಗಳನ್ನು ಬಿಡಿಸಿಟ್ಟರೆ 2018ರ ಕಥೆ ಸ್ಪಷ್ಟವಾಗುತ್ತದೆ. ಒಡಿಶಾ ಕರಾವಳಿಯ ಕಡೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಅದರ ಸೆಳೆತಕ್ಕೆ ಅರಬ್ಬಿ ಸಮುದ್ರದ ತೇವದ ಗಾಳಿ ಬಲವಾಗಿ ಬೀಸಿ ಘಟ್ಟಕ್ಕೆ ಅಪ್ಪಳಿಸಿತು. ಇಡುಕ್ಕಿಯ ನೆರೆಗೂ ಕೊಡಗಿನ ಕುಸಿತಕ್ಕೂ ಕಾರಣವಾದದ್ದು ಒಂದೇ ಗಾಳಿ.

1924ರ ವಿಷಯ ಅಷ್ಟು ಸುಲಭವಲ್ಲ. ಆಗ ಉಪಗ್ರಹವಿರಲಿಲ್ಲ, 'ಇಆರ್‌ಎ5' ಅಲ್ಲಿಯವರೆಗೆ ಹೋಗುವುದೂ ಇಲ್ಲ. ಅಮೆರಿಕದ ನೋವಾ ಸಂಸ್ಥೆಯವರು 1836ರವರೆಗೆ ಹಿಂದಕ್ಕೆ ಹೋಗುವ ಬೇರೊಂದು ಮರುವಿಶ್ಲೇಷಣೆ ಮಾಡಿದ್ದಾರೆ. ವಾಯುಮಂಡಲದ ಅಳತೆಗಳಲ್ಲಿ ಅದು ನಂಬಿರುವುದು ನೆಲಮಟ್ಟದ ವಾಯುಭಾರವೊಂದನ್ನೇ. ಹಡಗಿನ ಕಪ್ತಾನರೂ ವೀಕ್ಷಣಾಲಯದವರೂ ದಿನ ತಪ್ಪದೆ ಬರೆದಿಟ್ಟ ಅಂಕಿಗಳೇ ಅದರ ಬಂಡವಾಳ. ಸಂಗೀತಪ್ರಿಯರೆಲ್ಲ ಬಲ್ಲ ಸ್ವಾತಿ ತಿರುನಾಳ್ ಮಹಾರಾಜರು 1837ರಲ್ಲಿಯೇ ತಿರುವನಂತಪುರದಲ್ಲಿ ವೀಕ್ಷಣಾಲಯ ಕಟ್ಟಿಸಿ, ಜಾನ್ ಕಾಲ್ಡಿಕಾಟರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು.

ಈಗ ವ್ಯಾಜ್ಯಕ್ಕೆ ಬರೋಣ. 1924ರ ಮಳೆಯ ಮಟ್ಟಿಗೆ ಹಿರಿಯರ ಮಾತು ದಿಟ. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 7 ಶೇಕಡದಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಅಂದಿಗಿಂತ ಇಂದು ಭೂಮಿ ಬಿಸಿಯಾಗಿದೆ. ಆದ್ದರಿಂದ ಕಿರಿಯರ ಆತಂಕವೂ ಸುಳ್ಳಲ್ಲ. ಒಂದು ನೆರೆ ಏನನ್ನೂ ಸಾಧಿಸಿಕೊಡದು. ಹಲವು ದಶಕಗಳ ಅತಿವೃಷ್ಟಿ ಅನಾವೃಷ್ಟಿಗಳನ್ನು ಸಾಲಾಗಿಟ್ಟು ನೋಡಬೇಕು. ಅಣೆಕಟ್ಟಿನ ಬಾಗಿಲು ಯಾವಾಗ ತೆರೆಯಬೇಕು, ಗುಡ್ಡದ ಬುಡದಲ್ಲಿ ಮನೆ ಕಟ್ಟಬಹುದೇ ಎಂಬ ಜೀವನ್ಮರಣದ ಪ್ರಶ್ನೆಗಳು ಈ ಸಾಲನ್ನೇ ಅವಲಂಬಿಸಿವೆ.

ಇಲ್ಲಿ ಒಂದು ಕೊರತೆಯುಂಟು. 31 ಕಿಲೋಮೀಟರಿನ ಚೌಕದಲ್ಲಿ ಘಟ್ಟದ ನೆತ್ತಿಯೂ ಅದರ ತಪ್ಪಲೂ ಒಂದಾಗಿಬಿಡುತ್ತವೆ. ನೆತ್ತಿಯ ಮೇಲಿನ ಭಾರಿ ಮಳೆ ಸರಾಸರಿಯಲ್ಲಿ ಕರಗುತ್ತದೆ. ಅದನ್ನು ತಿದ್ದಬಲ್ಲದ್ದು ನೆಲದ ಮೇಲಿನ ಮಳೆಮಾಪಕ ಮಾತ್ರ.

ಆದ್ದರಿಂದಲೇ ವಾಚಕರಲ್ಲಿ ಒಂದು ಬಿನ್ನಹ. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ಹಳೆಯದು. ನಿಮ್ಮ ಊರ ಮನೆಯ ಅಟ್ಟದಲ್ಲಿ ಅಂಥ ಪುಸ್ತಕವಿರಬಹುದು. ಮನೆ ಮಾರುವಾಗ, ಪಾಲಾಗುವಾಗ ರದ್ದಿಗೆ ಹೋಗುವುದು ಮೊದಲು ಅದೇ. 2020ರಲ್ಲಿ ಬ್ರಿಟನ್ನಿನಲ್ಲಿ 16,000 ಮಂದಿ ಸ್ವಯಂಸೇವಕರು ಮನೆಯಲ್ಲೇ ಕುಳಿತು, 16 ದಿನಗಳಲ್ಲಿ 65,000 ಹಳೆಯ ಮಳೆಹಾಳೆಗಳ ಅಂಕಿಗಳನ್ನು ಗಣಕಕ್ಕೆ ಇಳಿಸಿದರು. ನಮ್ಮಿಂದ ಅಷ್ಟಾಗದಿದ್ದರೂ, ಈ ರಜೆಗೆ ಊರಿಗೆ ಹೋದಾಗ ಪುಟಪುಟವನ್ನೂ ಮೊಬೈಲಿನಲ್ಲಿ ಚಿತ್ರ ಹಿಡಿಯಬಹುದು. ತೋಟದ ಹೆಸರು, ಮಾಪಕವಿದ್ದ ಜಾಗ, ಬರೆದವರು ಯಾರೆಂಬುದನ್ನು ಹಿರಿಯರಿಂದ ಕೇಳಿ ಗುರುತು ಹಾಕಿಕೊಳ್ಳಬಹುದು. ಅಜ್ಜ ಕೊಡೆ ಹಿಡಿದು ನಿಂತು ಅಳೆದ ನೀರು ಮೊಮ್ಮಕ್ಕಳ ಕಾಲದ ಲೆಕ್ಕಕ್ಕೆ ಬೇಕಾಗಿದೆ. ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ.