ಹಾವಿನ ಬಣ್ಣ ರಂಗೋಲಿ ಪುಡಿಯಲ್ಲ

ಮೈಸೂರಿನ ದೇವರಾಜ ಮೊಹಲ್ಲಾಕ್ಕೆ ಸಂತೆ ಸಾಮಾನಿಗೆ ಬಂದವರು ಮಾರ್ಕೆಟ್ಟಿನೊಳಗೆ ಗೋಪುರದ ಹಾಗೆ ಪೇರಿಸಿಟ್ಟ ಬಣ್ಣದ ಪುಡಿ ನೋಡದೆ ವಾಪಸ್ ಹೋಗುವುದಿಲ್ಲ. ಹಳದಿಗೆ ಕೆಂಪು ಬೆರೆಸಿದರೆ ಕೇಸರಿ, ಕಪ್ಪಿಗೆ ಬಿಳಿ ಬೆರೆಸಿದರೆ ಬೂದಿ. ಪುಡಿಗೆ ಈ ಲೆಕ್ಕ ಸರಿ, ಪ್ರಾಣಿಗೆ ತಪ್ಪು. ಬಣ್ಣದ ಹಾವು ಮಾರುವವರು ಬದುಕುತ್ತಿರುವುದೇ ನಾವು ಈ ಎರಡನ್ನೂ ಒಂದೇ ಅಂದುಕೊಂಡಿರುವುದರಿಂದ.

ಆ ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಅಂಗೈ ಮೇಲೆ ಕಿತ್ತಳೆ ಬಣ್ಣದ ಹಾವು, ಹಿಂದೆ ಸಿನಿಮಾ ಮ್ಯೂಸಿಕ್, "ಒಂದು ಜೋಡಿ ತಗೊಳ್ಳಿ, ಮನೆಯಲ್ಲೇ ಮರಿ ಮಾಡಿಸಿ, ಕೂತಲ್ಲೇ ದುಡ್ಡು" ಅನ್ನುವ ಮಾತು. ಅದು ಕಾರ್ನ್ ಸ್ನೇಕ್, ಅಮೆರಿಕದ್ದು. ನಮ್ಮ ಕೇರೆಹಾವಿನ ಹಾಗೆ ವಿಷವಿಲ್ಲ, ಇಲಿ ತಿಂದು ಬದುಕುತ್ತದೆ. ಜೋಳದ ಕಣಜದ ಸುತ್ತ ಇಲಿ ಹುಡುಕುತ್ತಿದ್ದದ್ದಕ್ಕೆ ಆ ಹೆಸರು ಅಂತಾರೆ. ಹೊಟ್ಟೆ ಮೇಲಿನ ಚೌಕಳಿ ಮೆಕ್ಕೆಜೋಳದ ಕಾಳಿನಂತಿದೆ, ಅದಕ್ಕೇ ಅನ್ನುವವರೂ ಇದ್ದಾರೆ.

ಈ ಹಾವಿನ ಮೈಯಲ್ಲಿ ಮುಖ್ಯವಾಗಿ ಎರಡು ಬಣ್ಣ, ಕಪ್ಪು ಮತ್ತು ಕೆಂಪು. ಕಪ್ಪನ್ನು ತಯಾರಿಸುವ ವಂಶವಾಹಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದೇ ಬಾವಿಗೆ ಎರಡು ಮೋಟಾರ್ ಕೂರಿಸಿದ ಹಾಗೆ ಅಂದುಕೊಳ್ಳಿ. ಒಂದು ಸುಟ್ಟುಹೋದರೂ ಇನ್ನೊಂದು ನೀರೆತ್ತುತ್ತದೆ, ಗದ್ದೆ ನೋಡಿದವನಿಗೆ ಏನೂ ಗೊತ್ತಾಗುವುದಿಲ್ಲ. ಎರಡೂ ಸುಟ್ಟಾಗ ಮಾತ್ರ ಗದ್ದೆ ಒಣಗುತ್ತದೆ. ಹಾವಿನಲ್ಲೂ ಎರಡೂ ಕೆಟ್ಟರೆ ಮಾತ್ರ ಕಪ್ಪು ಮಾಯವಾಗಿ, ಕಿತ್ತಳೆ ಮೈ, ಗುಲಾಬಿ ಕಣ್ಣಿನ ಹಾವು ಹುಟ್ಟುತ್ತದೆ. ಒಂದು ಮಾತ್ರ ಕೆಟ್ಟ ಹಾವು ನೋಡಲು ಮಾಮೂಲಿಯೇ. ಇದನ್ನು ವ್ಯಾಪಾರದವರು 'ಹೆಟ್' ಅಂತಾರೆ.

ಕೆಂಪಿಗೆ ಬೇರೆಯದೇ ಬಾವಿ, ಬೇರೆಯದೇ ಎರಡು ಮೋಟಾರ್. ಈಗ ಕಪ್ಪಿಲ್ಲದ ಹಾವಿಗೆ ಕೆಂಪಿಲ್ಲದ ಹಾವು ಕೂಡಿಸಿ. ಪುಡಿ ಲೆಕ್ಕದಲ್ಲಿ ಮರಿಗಳೆಲ್ಲ ಬೆಳ್ಳಗಾಗಬೇಕು. ಹುಟ್ಟುವುದೆಲ್ಲ ಕಾಡಿನ ಹಾವಿನಂತೆ ಮಾಮೂಲಿ ಬಣ್ಣದವು! ಯಾಕೆಂದರೆ ಪ್ರತಿ ಮರಿಗೂ ಎರಡೂ ಬಾವಿಗೆ ಒಂದೊಂದು ಒಳ್ಳೆಯ ಮೋಟಾರ್ ಸಿಕ್ಕಿದೆ. ಆ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದರೆ ಹದಿನಾರರಲ್ಲಿ ಸರಾಸರಿ ಒಂಬತ್ತು ಮಾಮೂಲಿ, ಮೂರು ಕಪ್ಪಿಲ್ಲದವು, ಮೂರು ಕೆಂಪಿಲ್ಲದವು, ಒಂದೇ ಒಂದು ಎರಡೂ ಇಲ್ಲದ ಬಿಳಿ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಮೆಂಡೆಲ್‌ನ ಬಟಾಣಿ ಓದಿ ಪಾಸಾದ ಲೆಕ್ಕವೇ ಇದು. ಪರೀಕ್ಷೆ ಮುಗಿದ ಮೇಲೆ ಆ ಬಟಾಣಿ ಯಾರಿಗೂ ನೆನಪಿರುವುದಿಲ್ಲ, ಅಷ್ಟೇ.

ಈಗ ಮೋಸ ಎಲ್ಲಿ ಅಂತ ನೋಡಿ. ಜಾಹೀರಾತಿನಲ್ಲಿ "66 ಪರ್ಸೆಂಟ್ ಹೆಟ್" ಅಂತ ಹಾಕುತ್ತಾರೆ. ಕೇಳಿದವನು ಹಾವಿನ ಮೈಯಲ್ಲಿ ಮುಕ್ಕಾಲು ಪಾಲು ಬಣ್ಣ ಇದೆ ಅಂದುಕೊಳ್ಳುತ್ತಾನೆ. ಅದರ ಅರ್ಥ ಇಷ್ಟೇ: ಹೆಟ್ ಅಪ್ಪ, ಹೆಟ್ ಅಮ್ಮನಿಗೆ ಹುಟ್ಟಿದ ನಾಲ್ಕು ಮರಿಯಲ್ಲಿ ಸರಾಸರಿ ಒಂದು ಬಣ್ಣದ್ದು. ಉಳಿದ ಮೂರು ನೋಡಲು ಒಂದೇ ಥರ. ಅವುಗಳಲ್ಲಿ ಎರಡು ಹೆಟ್, ಒಂದು ಅಲ್ಲ. ಯಾವುದು ಅಂತ ಕಣ್ಣಿನಿಂದ ಹೇಳಲು ಮಾರುವವನಿಗೂ ಆಗುವುದಿಲ್ಲ. ಅಂದರೆ ನೀವು ಕೊಳ್ಳುತ್ತಿರುವುದು ಹಾವಲ್ಲ, ಚೀಟಿ. ಮರಿ ಬೆಳೆದು ಮೊಟ್ಟೆಗೆ ಬರಲು ಎರಡು ಮೂರು ವರ್ಷ ಬೇಕು. ಅಷ್ಟೊತ್ತಿಗೆ ಮಾರಿದವನ ನಂಬರ್ ಸ್ವಿಚ್ ಆಫ್ ಆಗಿರುತ್ತದೆ. ಸಿಕ್ಕಿದರೂ "ನಿಮ್ಮ ಅದೃಷ್ಟ ಸರಿಯಿಲ್ಲ" ಅಂತಾನೆ.

ಅದೃಷ್ಟವನ್ನೂ ಲೆಕ್ಕ ಹಾಕಬಹುದು. ನಿಮ್ಮ ಹೆಟ್ ಹಾವನ್ನು ಬಣ್ಣದ ಹಾವಿಗೆ ಕೂಡಿಸಿದರೆ ಮರಿಗಳಲ್ಲಿ ಸುಮಾರು ಅರ್ಧ ಬಣ್ಣದವಾಗಬೇಕು. ಹತ್ತು ಮರಿ ಬಂದು ಒಂದೂ ಬಣ್ಣದ್ದಿಲ್ಲ ಅಂದರೆ? ನಿಜವಾದ ಹೆಟ್ ಹಾವಿಗೆ ಹಾಗಾಗುವ ಸಾಧ್ಯತೆ 1024ರಲ್ಲಿ ಒಂದು. ಅದು ಅದೃಷ್ಟವಲ್ಲ, ಸುಳ್ಳು ಸರಕು.

"ಹಾವಾಡಿಸೋದು ಪಟ್ಟಣದ ಶ್ರೀಮಂತರ ಶೋಕಿ, ನಮಗ್ಯಾಕೆ" ಅಂತ ಹಳ್ಳಿಯವರು ಕೇಳಬಹುದು. ನಿಮ್ಮ ಕೊಟ್ಟಿಗೆಯಲ್ಲೇ ಇದು ನಡೆಯುತ್ತದೆ. ಕಪ್ಪು-ಬಿಳಿ ಎಚ್‌ಎಫ್ ಹಸುವಿಗೆ ಕಪ್ಪು-ಬಿಳಿ ಹೋರಿಯ ಸೆಮೆನ್ ಹಾಕಿಸಿದ್ದೀರಿ, ಕೆಂಪು-ಬಿಳಿ ಕರು ಹುಟ್ಟಿತು. ತಕ್ಷಣ "ಸೆಮೆನ್ ಬದಲಾಯಿಸಿಬಿಟ್ಟ" ಅಂತ ಹಾಕಿದವನ ಮೇಲೆ ಜಗಳ. ಎಚ್‌ಎಫ್ ತಳಿಯಲ್ಲಿ ಕೆಂಪು ಹೀಗೆ ಅಡಗಿ ಬರುವ ಗುಣ, ಹಸು ಹೋರಿ ಎರಡರಲ್ಲೂ ಇದ್ದರೆ ಹೊರಗೆ ಬರುತ್ತದೆ. ಪಾಪ, ಅವನದೇನೂ ತಪ್ಪಿರಲಿಕ್ಕಿಲ್ಲ.

ಮೈಸೂರು ಮೃಗಾಲಯದಲ್ಲಿ ಬಿಳಿ ಹುಲಿ ನೋಡಿದವರಿಗೆ ಇನ್ನೊಂದು ಕಥೆ. 1951ರಲ್ಲಿ ರೇವಾದ ಮಹಾರಾಜರು ಮೋಹನ್ ಎಂಬ ಬಿಳಿ ಹುಲಿಮರಿ ಹಿಡಿಸಿದರು. ಬೇಗಂ ಎಂಬ ಮಾಮೂಲಿ ಹೆಣ್ಣುಹುಲಿಗೆ ಅದರಿಂದ ಹುಟ್ಟಿದ್ದೆಲ್ಲ ಮಾಮೂಲಿ ಬಣ್ಣದವೇ. ಆಮೇಲೆ ಮೋಹನ್‌ಗೆ ಸ್ವಂತ ಮಗಳು ರಾಧಾಳನ್ನೇ ಕೂಡಿಸಿದರು. 1958ರಲ್ಲಿ ನಾಲ್ಕಕ್ಕೆ ನಾಲ್ಕೂ ಬಿಳಿ ಮರಿ. (ಲೆಕ್ಕದಲ್ಲಿ ಎರಡು ಬರಬೇಕಿತ್ತು. ಸಣ್ಣ ಸಂಖ್ಯೆಯಲ್ಲಿ ಹೀಗೂ ಆಗುತ್ತದೆ.) ಬಣ್ಣ ಬೇಕು ಅಂತ ಅಪ್ಪ-ಮಗಳು, ಅಣ್ಣ-ತಂಗಿ ಕೂಡಿಸುವ ಚಾಳಿಯ ಬೆಲೆ ಪ್ರಾಣಿ ತೆರುತ್ತದೆ. ಕೆಲವು ಬಣ್ಣದ ಜೊತೆ ರೋಗವೇ ಅಂಟಿಕೊಂಡಿದೆ. ಬಾಲ್ ಪೈಥಾನ್ ಹಾವಿನಲ್ಲಿ 'ಸ್ಪೈಡರ್' ಅನ್ನುವ ಬಣ್ಣಕ್ಕೆ ಒಳ್ಳೆ ಬೇಡಿಕೆ. ಆ ಬಣ್ಣ ತರುವ ವಂಶವಾಹಿಯೇ ಹಾವಿನ ತಲೆ ತೂಗಾಡಿಸುತ್ತದೆ, ಬೇಟೆಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ. ರೀಲಿನಲ್ಲಿ ಅದನ್ನು "ಡ್ಯಾನ್ಸ್" ಅಂತ ತೋರಿಸುವವರಿಗೆ ನಾಚಿಕೆ ಇಲ್ಲ.

ಊರಲ್ಲಿ ಬಿಳಿ ನಾಗರ ಕಂಡರೆ ಹಾಲು ತುಪ್ಪ ಎರೆಯುವವರ ಮೇಲೆ ನನಗೆ ಕೋಪವಿಲ್ಲ. ಅವರು ಕೈ ಮುಗಿದು ಹುತ್ತಕ್ಕೆ ಬಿಡುತ್ತಾರೆ. ಬೆಲೆ ಕಟ್ಟುವವನ ಮೇಲೆ ಕೋಪ. ಎರಡು ತಲೆ ಹಾವು ಅಂತ ಮಣ್ಣುಮುಕ್ಕನನ್ನು ತೂಕಕ್ಕೆ ಮಾರಲು ಹೋಗಿ ನಮ್ಮ ಹುಡುಗರು ಜೈಲು ಕಂಡಿದ್ದಾರೆ, ಮಾರಿಸಿದವನು ಕಂಡಿಲ್ಲ. ಬಣ್ಣದ ಹಾವಿಗೂ ದಾರಿ ಅದೇ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ ಬಗೆಬಗೆಯ ಬಣ್ಣದ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು.

ಹಾಗಾಗಿ ಹಾವು ತಗೊಳ್ಳಿ ಅಂದವನನ್ನು ನಾಲ್ಕು ಮಾತು ಕೇಳಿ. ಅಪ್ಪ ಹಾವು ಯಾವ ಬಣ್ಣ, ಅಮ್ಮ ಯಾವ ಬಣ್ಣ, ಅವೆರಡೂ ಅಣ್ಣ-ತಂಗಿಯೇ? ಆ ಗೂಡಿನಲ್ಲಿ ಎಷ್ಟು ಮರಿ, ಬಣ್ಣದವು ಎಷ್ಟು? ಬರೆದಿಟ್ಟ ಪುಸ್ತಕ ತೋರಿಸು. ಬಾಲ್ ಪೈಥಾನ್ ಆದರೆ 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ಮಾಡಿಸಿದ ನೋಂದಣಿ ಎಲ್ಲಿ? ಪುಸ್ತಕ ಇಲ್ಲ ಅಂದರೆ ಅವನ ಹೆಟ್ ಕೂಡ ಇಲ್ಲ.