ತಾಲ್ಲೂಕು ಆಸ್ಪತ್ರೆಗೆ ಎಕೋ ಬಲ್ಲ ವೈದ್ಯರು ಬೇಕು

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದುದನ್ನು ವಾಚಕರು ಮರೆತಿರಲಾರರು. ಎದೆನೋವೇ ಇಲ್ಲದವರೂ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು 24 ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವಲ್ಲವೆಂದೂ, ಹೃದಯಸಂಬಂಧಿ ಮರಣಗಳು ಗಣನೀಯವಾಗಿ ಏರಿಲ್ಲವೆಂದೂ ಜುಲೈ ತಿಂಗಳಲ್ಲಿ ವರದಿಯಿತ್ತಿತು. ಭೀತಿ ಇಳಿಯಿತು, ಸಾಲೂ ಕರಗಿತು. ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಚನ್ನರಾಯಪಟ್ಟಣಕ್ಕೋ ನಡುರಾತ್ರಿ ರಕ್ತದೊತ್ತಡ ಕುಸಿದ ರೋಗಿಯೊಬ್ಬನನ್ನು ಹೊತ್ತು ತಂದರೆ, ಆ ಗಳಿಗೆಯಲ್ಲಿ ಅವನ ಹೃದಯವನ್ನು ನೋಡಬಲ್ಲವರು ಯಾರು?

ನೋಡುವ ಸಾಧನವೇನೋ ಉಂಟು. ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳುಳ್ಳ ಶ್ರವಣಾತೀತ ಧ್ವನಿಯು ದೇಹದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಿಂದ ಸಾಗಿ, ಹೃದಯದ ಗೋಡೆಗಳಿಗೆ ತಾಗಿ ಮರಳುತ್ತದೆ. ಆ ಪ್ರತಿಧ್ವನಿಯೇ ಚಿತ್ರವಾಗುತ್ತದೆ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಲೋಹದ ಬಿರುಕುಗಳನ್ನು ಹುಡುಕುವ ಯಂತ್ರವೊಂದನ್ನು ಎರವಲು ತಂದು ಈ ವಿದ್ಯೆಗೆ ನಾಂದಿ ಹಾಡಿದರು. ಇಂದು ಅಂಥ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾಗಿದೆ.

ರಕ್ತದೊತ್ತಡ ಕುಸಿದುದು ಒಂದೇ ಸಂಗತಿ, ಕಾರಣಗಳು ಹಲವು. ವಾಂತಿಭೇದಿಯಿಂದ ನೀರು ಬತ್ತಿದವನ ಹೃದಯ ಬರಿದಾಗಿ, ಬಡಿಯುವಾಗ ಗೋಡೆಗಳು ಒಂದನ್ನೊಂದು ಮುಟ್ಟುವಂತಿರುತ್ತದೆ. ಅವನಿಗೆ ಸಲೈನ್ ಸಂಜೀವಿನಿ. ಹೃದಯಾಘಾತದಿಂದ ಎಡ ಹೃತ್ಕುಕ್ಷಿ ಸೋತವನಿಗೆ ಅದೇ ಸಲೈನನ್ನು ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬೀತು. ಹೃದಯದ ಹೊರಚೀಲದಲ್ಲಿ ದ್ರವ ಕೂಡಿದ್ದರೆ ಸೂಜಿಯಿಂದ ಅದನ್ನು ತೆಗೆಯಬೇಕು. ಶ್ವಾಸಕೋಶದ ರಕ್ತನಾಳವನ್ನು ಹೆಪ್ಪು ಮುಚ್ಚಿ ಬಲ ಹೃತ್ಕುಕ್ಷಿ ಉಬ್ಬಿದ್ದರೆ ಮದ್ದೇ ಬೇರೆ. ಮುಂದುವರಿದ ಅಭ್ಯಾಸಿಯು ಇನ್ನೊಂದು ಹೆಜ್ಜೆ ಇಡುತ್ತಾನೆ: ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತವನ್ನು ಅಳೆದು, ರೋಗಿಯ ಕಾಲುಗಳನ್ನು ಮೇಲೆತ್ತಿಸಿ, ಮತ್ತೆ ಅಳೆಯುತ್ತಾನೆ. ಕಾಲಿನ ರಕ್ತ ಹೃದಯಕ್ಕೆ ಹರಿದಾಗ ಅಳತೆ ಏರಿದರೆ ಸಲೈನ್ ಫಲಕಾರಿ. ಏರದಿದ್ದರೆ ಕೈ ತಡೆಯಬೇಕು. ಒಂದು ಹನಿ ಮದ್ದನ್ನೂ ಖರ್ಚು ಮಾಡದ ಈ ಪರೀಕ್ಷೆಯ ಸೊಗಸು ನಮ್ಮನ್ನು ಬೆರಗುಗೊಳಿಸುತ್ತದೆ.

ಆದರೆ ಈ ವಿದ್ಯೆ ಯಂತ್ರದೊಡನೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ 2019ರಿಂದ ನಡೆಯುತ್ತಿರುವ ಇದರ ಪ್ರತ್ಯೇಕ ಪರೀಕ್ಷೆಯ ಅರ್ಹತಾಪತ್ರಕ್ಕೆ 150 ರೋಗಿಗಳ ಪೂರ್ಣ ಎಕೋ ಮಾಡಿರಬೇಕು. ಅರೆಕಲಿಕೆ ಅಪಾಯಕರ, ಓರೆಯಾಗಿ ಹಿಡಿದ ಸಾಧನ ಆರೋಗ್ಯದ ಹೃದಯವನ್ನೂ ರೋಗಗ್ರಸ್ತವೆಂದು ತೋರಿಸೀತು. ಎದೆನೋವಿನವರಿಗೆ ಮೊದಲು ಇ.ಸಿ.ಜಿ.ಯೇ ಆಗಬೇಕು, ಎಕೋಗಾಗಿ ಹೆಪ್ಪು ಕರಗಿಸುವ ಮದ್ದನ್ನು ತಡಮಾಡಬಾರದು.

ಹಾಸನದಲ್ಲಿ 2006ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಈ ಮೂರು ತಾಲ್ಲೂಕು ಕೇಂದ್ರಗಳು ಅಲ್ಲಿಂದ ಸುಮಾರು 30-40 ಕಿಲೋಮೀಟರುಗಳೊಳಗಿವೆ. ತಾಲ್ಲೂಕಿನ ವೈದ್ಯರು ಸರದಿಯಂತೆ ಅಲ್ಲಿನ ತೀವ್ರ ನಿಗಾ ಘಟಕದಲ್ಲಿ ತಜ್ಞರ ಕಣ್ಣೆದುರು ಕೈ ಪಳಗಿಸಿಕೊಳ್ಳಲಿ. ಊರಿಗೆ ಮರಳಿದ ಮೇಲೂ ತಾವು ತೆಗೆದ ಚಿತ್ರಗಳನ್ನು ತಜ್ಞರಿಗೆ ಕಳುಹಿಸಿ ತಿದ್ದಿಸಿಕೊಳ್ಳಲಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಇ.ಸಿ.ಜಿ. ದೂರದ ತಜ್ಞರನ್ನು ತಲಪುವಾಗ ಎಕೋ ಏಕೆ ತಲಪಬಾರದು?

ವೈದ್ಯರೇ ಕಡಿಮೆ, ಇರುವವರನ್ನು ತರಬೇತಿಗೆ ಕಳುಹಿಸುವುದೆಂತು ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದಕ್ಕಾಗಿಯೇ ಸರದಿ ಎಂದೆವು: ಒಮ್ಮೆಗೆ ಒಂದು ತಾಲ್ಲೂಕಿನಿಂದ ಒಬ್ಬರು, ಅವರ ಸ್ಥಾನಕ್ಕೆ ಜಿಲ್ಲಾ ಕೇಂದ್ರದಿಂದ ಒಬ್ಬರು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯಂತೆ ಯಂತ್ರದ ನೋಂದಣಿಯೂ ಆಗಬೇಕು. ಕಾಯಿದೆ ನ್ಯಾಯವಾದುದೇ, ಅರ್ಜಿಯನ್ನು ಈ ತಿಂಗಳೇ ಬರೆದಿಟ್ಟರೆ, ಮೊದಲ ವೈದ್ಯರು ಕಲಿತು ಮರಳುವಷ್ಟರಲ್ಲಿ ಯಂತ್ರವೂ ಸಿದ್ಧವಿದ್ದೀತು.