ಉತ್ತರಿಸದ ಯಂತ್ರಗಳ ಲೆಕ್ಕ

2017ರ ಮೇ 15, ಸೋಮವಾರ. ವಯನಾಡಿನ ತರಿಯೋಡ್ ಮತ್ತು ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಪಂಚಾಯತ್ ಕಚೇರಿಗಳ ಕಂಪ್ಯೂಟರುಗಳಲ್ಲಿ ಕಡತಗಳು ತೆರೆಯಲಿಲ್ಲ. ಬದಲಿಗೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುವ ಕಿಟಕಿ ತೆರೆದುಕೊಂಡಿತು. ಮರುದಿನ ಪಾಲಕ್ಕಾಡ್ ರೈಲ್ವೆ ವಿಭಾಗೀಯ ಕಚೇರಿಯಿಂದಲೂ ಅದೇ ಸುದ್ದಿ. ಮಂಜೇಶ್ವರ, ಕುಂಬಳೆ, ಕಾಸರಗೋಡು ನಿಲ್ದಾಣಗಳು ಸೇರಿರುವುದು ಆ ವಿಭಾಗಕ್ಕೇ. ಈ ದಾಳಿ ನಡೆಸಿದ ವನ್ನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಕಾಲಾವಕಾಶವಿತ್ತು. ಮದ್ದು ಸಿದ್ಧವಿದ್ದೂ ಯಂತ್ರಕ್ಕೆ ತಲುಪಿರಲಿಲ್ಲ.

ಅಂದಿನಿಂದ ಇಂದಿನವರೆಗಿನ ದಾರಿಯನ್ನು ನಮ್ಮ ಕಾಸರಗೋಡು ಜಿಲ್ಲೆಯ ಪಂಚಾಯತ್ ಕಚೇರಿ, ಶಾಲೆ, ಸಹಕಾರಿ ಸಂಘಗಳ ಕಡೆಯಿಂದ ತಿರುಗಿ ನೋಡಿದರೆ, ಪ್ಯಾಚ್ ಇಲ್ಲದ ಯಂತ್ರಗಳನ್ನು ಹುಡುಕಲು ಸ್ಕ್ಯಾನ್ ಮಾಡಬೇಕು ಎಂಬುದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ಯಾವಾಗ ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ಬೇರೆ ಊರಿನ ಉತ್ತರವನ್ನು ಎರವಲು ತಂದುಕೊಂಡಿದ್ದೇವೆ.

ವಿಧಾನ ಎರಡು. ಏಜೆಂಟ್ ಇಲ್ಲದ ಸ್ಕ್ಯಾನ್‌ನಲ್ಲಿ ಒಂದು ಸರ್ವರ್ ನಿಗದಿತ ಹೊತ್ತಿಗೆ ಜಾಲದ ಒಂದೊಂದೇ ಯಂತ್ರವನ್ನು ಸಂಪರ್ಕಿಸಿ, ಅಡ್ಮಿನ್ ಪಾಸ್‌ವರ್ಡ್ ಬಳಸಿ ಒಳಹೊಕ್ಕು, ಏನೇನು ತಂತ್ರಾಂಶವಿದೆ, ಯಾವ ಪ್ಯಾಚ್ ಇಲ್ಲ ಎಂದು ನೋಡುತ್ತದೆ. ಯಂತ್ರ ಆಗ ಚಾಲೂ ಇರಬೇಕು. ಏಜೆಂಟ್ ಇರುವ ಸ್ಕ್ಯಾನ್‌ನಲ್ಲಿ ಪ್ರತಿ ಯಂತ್ರದೊಳಗೂ ಒಂದು ಪುಟ್ಟ ತಂತ್ರಾಂಶ ನೆಲೆಸಿರುತ್ತದೆ. ಅದು ತನ್ನಷ್ಟಕ್ಕೆ ತಪಾಸಣೆ ಮುಗಿಸಿ, ಇಂಟರ್ನೆಟ್ ಸಿಕ್ಕಾಗ ವರದಿ ಕಳಿಸುತ್ತದೆ.

ಮೊದಲ ವಿಧಾನದ ಪಠ್ಯಪುಸ್ತಕದ ಸಲಹೆಯೆಂದರೆ ರಾತ್ರಿ ಎರಡು ಗಂಟೆಗೆ ನಡೆಸಿ ಎಂಬುದು. ಕೆಲಸಕ್ಕೆ ಅಡ್ಡಿಯಾಗದು, ಜಾಲವೂ ಖಾಲಿ ಇರುತ್ತದೆ. ನಮ್ಮ ಕರಾವಳಿಗೆ ಈ ಸಲಹೆ ಹೊಂದುವುದಿಲ್ಲ. ಏಪ್ರಿಲ್–ಮೇ ತಿಂಗಳ ಬೇಸಗೆ ಮಳೆ, ಅಕ್ಟೋಬರ್–ನವೆಂಬರಿನ ಹಿಂಗಾರು, ಎರಡೂ ಸಿಡಿಲಿನ ಕಾಲ. ಸಂಜೆ ಹೊರಡುವಾಗ ಮೈನ್ ಸ್ವಿಚ್ ಆರಿಸಿ, ಮೋಡೆಮ್ಮಿನ ವಯರು ಕಿತ್ತಿಟ್ಟು ಬಾಗಿಲು ಹಾಕುವವರನ್ನು ತಪ್ಪೆನ್ನಲಾಗದು. ಒಂದು ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟ ಕಚೇರಿಗೆ ಅದರ ಕಷ್ಟ ಗೊತ್ತು. ಮಲಗಿರುವ ಯಂತ್ರವನ್ನು ಜಾಲದ ಮೂಲಕ ಎಬ್ಬಿಸುವ ಸೌಲಭ್ಯವಿದೆ, ಆದರೆ ಪ್ಲಗ್ಗೇ ಕಿತ್ತಿದ್ದರೆ ಅದೂ ನಡೆಯದು. ಹಾಗಾಗಿ ರಾತ್ರಿಯ ಸ್ಕ್ಯಾನ್ ಸರ್ವರ್ ಒಂದನ್ನೇ ಕಂಡು, ದೋಷ ಸೊನ್ನೆ ಎಂದು ವರದಿ ಕೊಡುತ್ತದೆ. ಆ ಸೊನ್ನೆಯೇ ಅಪಾಯಕಾರಿ.

ಶಾಲೆಯ ಹಾಜರಿ ಪುಸ್ತಕದಲ್ಲಿ ಬಾರದ ಮಗುವಿನ ಹೆಸರಿನ ಮುಂದೆ ಗುರುತು ಬೀಳುತ್ತದೆ. ಸ್ಕ್ಯಾನ್ ವರದಿಯೂ ಹಾಗಿರಬೇಕು. ಎಷ್ಟು ಯಂತ್ರ ಇರಬೇಕಿತ್ತು, ಎಷ್ಟು ಉತ್ತರಿಸಿದವು, ಯಾವುವು ಎಷ್ಟು ದಿನದಿಂದ ಉತ್ತರಿಸಿಲ್ಲ ಎಂಬುದು ಮೊದಲ ಪುಟದಲ್ಲಿ, ದೋಷಗಳ ಪಟ್ಟಿ ನಂತರ. ಈ ಒಂದು ಬದಲಾವಣೆಯನ್ನು ಎಲ್ಲಕ್ಕಿಂತ ಮೊದಲು ಮಾಡಬೇಕೆಂದು ನಾವು ಒತ್ತಾಯಿಸುತ್ತೇವೆ.

ಹಾಗಾದರೆ ಸರಿಯಾದ ಹೊತ್ತು ಯಾವುದು? ಮೈಕ್ರೋಸಾಫ್ಟ್ ಪ್ಯಾಚುಗಳು ಬರುವುದು ತಿಂಗಳ ಎರಡನೇ ಮಂಗಳವಾರ. ನಮ್ಮ ಗಡಿಯಾರದಲ್ಲಿ ಅದು ರಾತ್ರಿ ಹತ್ತೂವರೆ, ಅಮೆರಿಕದ ಚಳಿಗಾಲದಲ್ಲಿ ಹನ್ನೊಂದೂವರೆ. ಬುಧವಾರ, ಗುರುವಾರ ಪ್ಯಾಚ್ ಹಾಕಿಕೊಂಡು ಶುಕ್ರವಾರ ಹನ್ನೊಂದರ ನಂತರ ಸ್ಕ್ಯಾನ್ ನಡೆಸಿದರೆ ಅರ್ಥವಿದೆ. ಮಧ್ಯಾಹ್ನದ ಊಟದ ಬಿಡುವು ಇನ್ನೂ ಒಳ್ಳೆಯದು: ಯಂತ್ರಗಳು ಚಾಲೂ, ಕೌಂಟರಿನಲ್ಲಿ ಜನ ಕಡಿಮೆ. ಎಲ್ಲ ಯಂತ್ರಗಳನ್ನೂ ಒಂದೇ ನಿಮಿಷಕ್ಕೆ ಆರಂಭಿಸಬಾರದು, ಕಚೇರಿಯ ಒಂದೇ ಒಂದು ಲೈನ್ ಅದರಲ್ಲೇ ಉಸಿರುಗಟ್ಟುತ್ತದೆ. ಹಳೆಯ ಪ್ರಿಂಟರುಗಳನ್ನು ಹುಷಾರಾಗಿ ಬಿಟ್ಟುಬಿಡಬೇಕು. 9100ನೇ ಪೋರ್ಟ್ ತಡವಿದರೆ ಕೆಲವು ಪ್ರಿಂಟರುಗಳು ಅರ್ಥವಿಲ್ಲದ ಅಕ್ಷರಗಳನ್ನು ಹಾಳೆಗಟ್ಟಲೆ ಕಕ್ಕುತ್ತವೆ.

ಶಾಲೆಗಳ ಕಥೆ ಬೇರೆ. 2018ರ ಹೈಟೆಕ್ ಯೋಜನೆಯಿಂದ ತರಗತಿಗಳಿಗೆ ಬಂದ ಲ್ಯಾಪ್‌ಟಾಪುಗಳಲ್ಲಿರುವುದು ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ರೂಪಿಸಿದ ಉಬುಂಟು ಆಧಾರಿತ ಲಿನಕ್ಸ್. ಒಳ್ಳೆಯ ಆಯ್ಕೆ, ಆದರೆ ಲಿನಕ್ಸಿಗೂ ಪ್ಯಾಚ್ ಬೇಕು: 18.04 ಆವೃತ್ತಿಗೆ ಉಬುಂಟುವಿನ ಸಾಮಾನ್ಯ ಬೆಂಬಲ 2023ರಲ್ಲೇ ಮುಗಿದಿದೆ. ಬೇಸಗೆ ರಜೆಯಲ್ಲಿ ಕಪಾಟಿನೊಳಗಿರುವ, ಉಳಿದ ಕಾಲ ತರಗತಿಯಿಂದ ತರಗತಿಗೆ ಸುತ್ತುವ ಇಂಥ ಯಂತ್ರಗಳಿಗೆ ಏಜೆಂಟೇ ಸರಿ. ಅದರ ವೇಳೆಯನ್ನು ಲಿನಕ್ಸಿನ ವೇಳಾಪಟ್ಟಿ ತಂತ್ರಾಂಶವಾದ ಕ್ರಾನ್‌ನಲ್ಲಿ ಬರೆದರೆ ಯಂತ್ರ ಆರಿಸಿದ್ದಾಗ ತಪ್ಪಿದ ಸರದಿ ತಪ್ಪಿದ್ದೇ. ಅನಾಕ್ರಾನ್ ಬಳಸಿದರೆ ಯಂತ್ರ ಮತ್ತೆ ಚಾಲೂ ಆದಾಗ ಬಾಕಿ ಕೆಲಸ ತೀರುತ್ತದೆ. ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲೂ ಇದಕ್ಕೊಂದು ಚೌಕವಿದೆ, ಗುರುತು ಹಾಕಿದರಾಯಿತು. ಜೂನ್ ಮೊದಲ ವಾರ ಎಲ್ಲ ಲ್ಯಾಪ್‌ಟಾಪುಗಳೂ ಒಮ್ಮೆ ಹೊರಬಂದು ವರದಿ ಕೊಡಲೇಬೇಕೆಂಬ ನಿಯಮ ಶಾಲಾ ಕ್ಯಾಲೆಂಡರಿನಲ್ಲಿ ಸೇರಲಿ.

ಏಜೆಂಟ್ ಎಂದೊಡನೆ ನಿಶ್ಚಿಂತೆಯೂ ಇಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ಏಜೆಂಟಿಗೆ ಬಂದ ಒಂದು ದೋಷಪೂರಿತ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಅದು ಹರಿದಾಡಿದ್ದು ಭಾರತೀಯ ಕಾಲಮಾನ ಬೆಳಿಗ್ಗೆ 9.39ರಿಂದ 10.57ರವರೆಗೆ, ಸರಿಯಾಗಿ ನಮ್ಮ ಕಚೇರಿಗಳು ತೆರೆಯುವ ಹೊತ್ತು. ಆಗ ಆಫ್ ಆಗಿದ್ದ ಯಂತ್ರಗಳು ಉಳಿದುಕೊಂಡವು. ಏಜೆಂಟಿನ ಅಪ್‌ಡೇಟನ್ನು ಮೊದಲು ಒಂದೆರಡು ಯಂತ್ರಗಳಿಗೆ ಹಾಕಿ, ಒಂದು ದಿನ ಕಾದು, ಉಳಿದವಕ್ಕೆ ಹಂಚುವುದು ಸಣ್ಣ ಸಹಕಾರಿ ಸಂಘಕ್ಕೂ ಸಾಧ್ಯವಿರುವ ಶಿಸ್ತು. ಅತ್ತ ಏಜೆಂಟ್ ಇಲ್ಲದ ವಿಧಾನದಲ್ಲಿ ಎಲ್ಲ ಯಂತ್ರಗಳ ಕೀಲಿ ಒಂದೇ ಸರ್ವರಿನಲ್ಲಿರುತ್ತದೆ. ಹಲವು ಕಚೇರಿಗಳಿಗೆ ಒಂದೇ ಅಡ್ಮಿನ್ ಪಾಸ್‌ವರ್ಡ್ ಇದ್ದರೆ ಆ ಒಂದು ಸರ್ವರ್ ಹೋದಾಗ ಎಲ್ಲವೂ ಹೋದಂತೆ.

ನಮ್ಮ ನಿಲುವು ಸ್ಪಷ್ಟ: ಎರಡೂ ಬೇಕು, ಎರಡರ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಜಾಲದ ಸ್ಕ್ಯಾನಿಗೆ ಕಂಡು ಏಜೆಂಟಿನ ಪಟ್ಟಿಯಲ್ಲಿಲ್ಲದ ಯಂತ್ರ ಯಾವುದು? ಯಾರೋ ಮನೆಯಿಂದ ತಂದ ಲ್ಯಾಪ್‌ಟಾಪೋ, ಹಾಜರಿ ಪಂಚಿಂಗ್ ಯಂತ್ರವೋ, ಕ್ಯಾಮೆರಾದ ಪೆಟ್ಟಿಗೆಯೋ? ನಗರಸಭೆಗಳಿಗೆ 2024ರ ಜನವರಿಯಲ್ಲಿ, ಗ್ರಾಮ ಪಂಚಾಯತುಗಳಿಗೆ 2025ರ ಏಪ್ರಿಲ್‌ನಲ್ಲಿ ಕೆ-ಸ್ಮಾರ್ಟ್ ಆನ್‌ಲೈನ್ ಸೇವಾ ವ್ಯವಸ್ಥೆ ಬಂದ ಮೇಲೆ ದಾಖಲೆಗಳು ದೂರದ ಸರ್ವರಿನಲ್ಲಿವೆ, ಮೇಜಿನ ಯಂತ್ರದ ಬಗ್ಗೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಒಪ್ಪಲಾಗದು. ಪಾಸ್‌ವರ್ಡ್ ಉಳಿಸಿಟ್ಟ ಬ್ರೌಸರ್, ಡಿಜಿಟಲ್ ಸಹಿಯ ಟೋಕನ್ ಇರುವುದು ಆ ಮೇಜಿನ ಮೇಲೆಯೇ.

ಭಾಷೆಯ ವಿಚಾರವನ್ನೂ ಹೇಳಲೇಬೇಕು. 1969ರ ಕೇರಳ ರಾಜ್ಯಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸ್ವಂತ ಭಾಷೆಯಲ್ಲಿ ವ್ಯವಹರಿಸುವ ರಕ್ಷಣೆ ಕೊಟ್ಟಿದೆ. ಭಾಷೆ ಇಲ್ಲಿ ಭದ್ರತೆಯ ಪ್ರಶ್ನೆಯೂ ಹೌದು: ಯಂತ್ರವನ್ನು ಮತ್ತೆ ಚಾಲೂ ಮಾಡಲು ಕೇಳುವ ಸಂದೇಶ ಅರ್ಥವಾಗದೆ ಮುಚ್ಚಿಬಿಟ್ಟರೆ ಪ್ಯಾಚ್ ಅರ್ಧದಲ್ಲೇ ನಿಲ್ಲುತ್ತದೆ. ಸೈಬರ್ ಘಟನೆ ನಡೆದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶಿಸಿದೆ. ಇದನ್ನೂ ಸ್ಕ್ಯಾನಿನ ವೇಳಾಪಟ್ಟಿಯನ್ನೂ ಹೇಳುವ ಕನ್ನಡದ ಒಂದು ಪುಟ ಪ್ರತಿ ಕಚೇರಿಯ ಗೋಡೆಯಲ್ಲಿರಲಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಹೊಂದುವುದಿಲ್ಲ. ಸಂಸ್ಥೆಗಳಿಗೆ ಹೆಚ್ಚುವರಿ ಪ್ಯಾಚುಗಳ ಪಟ್ಟಿ ಬೆಲೆ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಮುಂದೆ ಪ್ರತಿವರ್ಷ ದುಪ್ಪಟ್ಟು. ನಮ್ಮ ಶಾಲೆಗಳಿಗೆ ಆಗಲೇ ಪರಿಚಿತವಾದ ಲಿನಕ್ಸ್ ಇನ್ನೊಂದು ದಾರಿ. ಯಾವ ಕಚೇರಿಯಲ್ಲಿ ಅಂಥ ಯಂತ್ರ ಎಷ್ಟಿವೆ ಎಂಬ ಪಟ್ಟಿ, ಉತ್ತರಿಸದವುಗಳ ಹೆಸರು ಸಹಿತ, ಮಾರ್ಚಿನ ಬಜೆಟ್ ಸಭೆಗೆ ಮುನ್ನ ಪ್ರತಿ ಪಂಚಾಯತ್ ಅಧ್ಯಕ್ಷರ ಕೈ ಸೇರಬೇಕು.